ಕಂಬದ ಲೆಕ್ಕ

ಹಿತ್ತಲಿನ ತಂತಿಯ ಮೇಲೆ ನನ್ನ ಟವೆಲ್ ಒಣಗುತ್ತಿದೆ. ಅಂಚಿಗೆ ಕೆಂಪು ಗೆರೆಯಿರುವ, ನಮ್ಮ ಕಡೆಯ ಗಂಡಸರ ಹೆಗಲ ಮೇಲೆಲ್ಲ ಕಾಣುವ ಸಾದಾ ಬಿಳಿ ಟವೆಲ್. ಅದರ ಒಂದು ಮೂಲೆಯಲ್ಲಿ ಮುಂಬಯಿಯ ಸಮುದ್ರದ ಉಪ್ಪಿನ ಕಲೆ ಇನ್ನೂ ಉಳಿದಿದೆ ಎಂದು ಈ ಬರಹವನ್ನು ಶುರುಮಾಡಬೇಕೆಂದಿದ್ದೆ. ಬರೆಯುವ ಮೊದಲು ಯಾಕೋ ಅನುಮಾನ ಬಂದು ಎದ್ದು ಹೋಗಿ ನೋಡಿದೆ. ಕಲೆ ಇಲ್ಲ. ಮೂಗಿಗೆ ಹಿಡಿದೆ. ಸೋಪಿನ ವಾಸನೆ.

“ಅದನ್ಯಾಕೆ ಮೂಸ್ತಿದೀರಿ? ಒಗ್ದಿದೀನಿ ಕಣ್ರೀ” ಎಂದಳು ನನ್ನ ಹೆಂಡತಿ ಸರ್ವಮಂಗಳ, ಅಡುಗೆಮನೆಯ ಕಿಟಕಿಯಿಂದ.

ಹೀಗೆ ನನ್ನ ಮೊದಲ ವಾಕ್ಯವೇ ಸುಳ್ಳಾಯಿತು. ಇನ್ನು ಮುಂದಿನವುಗಳ ಬಗ್ಗೆ ನಿಮಗೆ ನಾನು ಯಾವ ಭರವಸೆಯನ್ನೂ ಕೊಡಲಾರೆ. ನನ್ನ ನೆನಪು ನನ್ನ ಪರವಾಗಿ ವಾದಿಸುವ ವಕೀಲನ ಹಾಗೆ. ನಾನು ನಾಚಿಕೊಳ್ಳಬೇಕಾದ ಕಡೆ ಅದು ಗಂಟಲು ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತದೆ.

ಇರಲಿ, ಟವೆಲಿಗೆ ಬರುತ್ತೇನೆ. ನಮ್ಮದು ಅರಸೀಕೆರೆಯಲ್ಲಿ ತೆಂಗಿನಕಾಯಿ, ಕೊಬ್ಬರಿಯ ವ್ಯಾಪಾರ ಮಾಡಿಕೊಂಡು ಬಂದ ಮನೆ. ಈಗ ದರವೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಸದ್ದಿಲ್ಲದೆ ಮೂಡುತ್ತದೆ. ನಾನು ಅಪ್ಪನ ಪಕ್ಕದಲ್ಲಿ ಕೊಬ್ಬರಿ ಮಂಡಿಯಲ್ಲಿ ಕೂರಲು ಶುರುಮಾಡಿದಾಗ ದರ ಇರುತ್ತಿದ್ದುದು ಟವೆಲಿನ ಕೆಳಗೆ. ದನದ ಸಂತೆಯಲ್ಲಿ ಇದನ್ನು ನೀವೂ ನೋಡಿರಬಹುದು. ಕೊಳ್ಳುವವನು, ಮಾರುವವನು ಕೈ ಹಿಡಿದುಕೊಂಡು ಮೇಲೊಂದು ಟವೆಲ್ ಹೊದಿಸುತ್ತಾರೆ. ಲೆಕ್ಕ ನೂರರದ್ದೋ ಸಾವಿರದ್ದೋ ಎನ್ನುವುದನ್ನಷ್ಟೇ ಬಾಯಲ್ಲಿ ಹೇಳುವುದು. ಆಮೇಲೆ ಮಾತಿಲ್ಲ. ಎದುರಿನವನ ಎಷ್ಟು ಬೆರಳು ಹಿಡಿದು ಒತ್ತಿದರೆ ಅಷ್ಟು. ಸುತ್ತ ನಿಂತವರಿಗೆ ಬಟ್ಟೆ ಅಲ್ಲಾಡುವುದು ಬಿಟ್ಟರೆ ಏನೂ ಕಾಣದು. ಒಪ್ಪಿಗೆಯಾದರೆ ಇಡೀ ಅಂಗೈ ಹಿಡಿದು ಒಮ್ಮೆ ಕುಲುಕುವುದು. ಆಗದಿದ್ದರೆ ಕೈಯನ್ನು ಮೆಲ್ಲಗೆ ಸಡಿಲಿಸಿ ತೆಗೆದುಕೊಳ್ಳುವುದು.

ಈ ಮೆಲ್ಲಗೆ ಎನ್ನುವುದರ ಮೇಲೆ ಅಪ್ಪನಿಗೆ ಬಹಳ ಕಟ್ಟುನಿಟ್ಟು. ಒಮ್ಮೆ ಯಾರೋ ತೀರ ಕಡಿಮೆ ದರ ಒತ್ತಿದರೆಂದು ನಾನು ಕೈ ಕೊಸರಿಕೊಂಡಿದ್ದೆ. ಆತ ಹೋದ ಮೇಲೆ ಅಪ್ಪ ಹೇಳಿದ್ದ: “ಥಟ್ಟಂತ ಕೈ ಕಿತ್ಕಬಾರ್ದು ಕಣ್ಲಾ. ಅವನೇನು ನಿನ್ ಕೈಗೆ ಕೆಂಡ ಇಟ್ಟಿದ್ನಾ? ದರ ಬ್ಯಾಡ ಅನ್ನು, ಮನ್ಸನ್ನೇ ಬ್ಯಾಡ ಅಂದಂಗೆ ಮಾಡ್ಬ್ಯಾಡ.” ಅವನ ಇನ್ನೊಂದು ಪಾಠ, ಎದುರಿನವನು ಎಷ್ಟೇ ಹೇಳಲಿ, ನಾವು ಅದರ ಅರ್ಧದಿಂದ ಶುರುಮಾಡಬೇಕು ಎನ್ನುವುದು. ಮೊದಲನೆಯ ಪಾಠ ನನಗೆ ಹತ್ತಿತೋ ಇಲ್ಲವೋ, ಎರಡನೆಯದು ಮೂಳೆಗೇ ಇಳಿಯಿತು. ಇವತ್ತಿಗೂ ಡಾಕ್ಟರು ದಿನಕ್ಕೆರಡು ಮಾತ್ರೆ ಎಂದರೆ ನನ್ನ ಬಾಯಿ ತಾನಾಗಿ “ಒಂದು ಸಾಕಾಗಲ್ವಾ?” ಎನ್ನುತ್ತದೆ.

ಎಂಥೆಂಥ ಕೈಗಳನ್ನು ಹಿಡಿದಿದ್ದೇನೆ! ಕಾಯಿ ಸುಲಿದು ಸುಲಿದು ಅಂಗೈಯೇ ಮಟ್ಟೆಯಂತಾದ ಕೈಗಳು, ನಶ್ಯದ ವಾಸನೆಯ ಕೈಗಳು, ಚಳಿಗಾಲದಲ್ಲೂ ಬೆವರುವ ಕೈಗಳು. ಒಬ್ಬರಿಗೆ ಬಲಗೈಯಲ್ಲಿ ಎರಡು ಬೆರಳು ಇರಲೇ ಇಲ್ಲ. ಅವರ ಹತ್ತಿರ ನಾಲ್ಕು ಹೇಳಬೇಕಾದರೆ ಏನು ಮಾಡುವುದೆಂದು ನನಗೆ ಹೆದರಿಕೆ. ಅವರೇ ನಕ್ಕು ಎಡಗೈ ಕೊಟ್ಟರು. ಇಷ್ಟೊಂದು ಗಂಡಸರ ಕೈಗಳನ್ನು ನೆನಪಿಟ್ಟುಕೊಂಡ ನಾನು ಹೆಂಡತಿಯ ಕೈ ಹಿಡಿದದ್ದು ಮದುವೆಯ ದಿನ, ಐನೋರು ಹಿಡಿ ಎಂದದ್ದಕ್ಕೆ. ಆ ಕೈ ಹೇಗಿತ್ತೆಂದು ಕೇಳಿದರೆ ತಡವರಿಸುತ್ತೇನೆ. ಬಳೆ ಬಹಳ ಇದ್ದವು ಎಂದು ಮಾತ್ರ ಹೇಳಬಲ್ಲೆ.

ಆಮೇಲೆ ಇಷ್ಟು ವರ್ಷವೂ ಬೀದಿಯಲ್ಲಿ ನಾನು ಮುಂದೆ, ಅವಳು ಹಿಂದೆ. ಇದನ್ನು ಯಾರೂ ಕಲಿಸಿದ್ದಲ್ಲ. ನಮ್ಮ ಕೇರಿಯಲ್ಲಿ ಗಂಡಹೆಂಡಿರು ಹಾಗೇ ನಡೆಯುತ್ತಿದ್ದರು. ಅಕ್ಕಪಕ್ಕ ನಡೆದರೆ ಯಾರಾದರೂ ಕೆಮ್ಮುತ್ತಿದ್ದರು.

ಹಳೇಬೀಡಿನ ಗುಡಿಯಲ್ಲಿ ನಡೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮದುವೆಯಾದ ಹೊಸದು. ಗೋಡೆಯ ಮೇಲೆ ಗಂಡು ಹೆಣ್ಣು ಒಬ್ಬರಿಗೊಬ್ಬರು ಒರಗಿಕೊಂಡು ನಿಂತ ಕಡೆಯಲ್ಲೆಲ್ಲ ನಾನು ಬೇಗ ಬೇಗ ನಡೆದೆ. ಕೆಳಸಾಲಿನಲ್ಲಿದ್ದ ಆನೆಗಳನ್ನು ಸರ್ವಮಂಗಳಳಿಗೆ ತೋರಿಸಿದೆ. ಮತ್ತೆ ಜೋಡಿ ಬಂತು, ಮತ್ತೆ ಆನೆ ತೋರಿಸಿದೆ. ಇದನ್ನು ನಾನು ತುಂಬ ಜನರಿಗೆ ಹೇಳಿ ನಗಿಸಿದ್ದೇನೆ. ಮೊನ್ನೆ ಅವಳೆದುರಿಗೇ ಹೇಳುತ್ತಿದ್ದಾಗ ಅವಳು ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಅಂದಳು:

“ಹಳೇಬೀಡಿಗೆ ನಾವಿಬ್ರೂ ಯಾವಾಗ ಹೋಗಿದ್ವಿ? ನೀವು ಹೋಗಿದ್ದು ನಿಮ್ಮಕ್ಕನ ಮನೆಯೋರ ಜೊತೆ. ನಂಗಾಗ ಜ್ವರ. ನಾವಿಬ್ರೂ ಹೋಗಿದ್ದು ಮಾಲೇಕಲ್ಲು ಬೆಟ್ಟಕ್ಕೆ.”

“ಮಾಲೇಕಲ್ಲಿಗಾ?”

“ಹೂಂ. ನೀವು ದಡದಡ ಹತ್ಕೊಂಡು ಹೋದ್ರಿ. ನಾನಿನ್ನೂ ಅರ್ಧ ಮೆಟ್ಟಿಲಲ್ಲಿದ್ದೆ, ನೀವು ದರ್ಶನ ಮುಗಿಸಿ ಇಳೀತಿದ್ರಿ. ‘ನಂದಾಯ್ತು, ನೀನು ಹೋಗಿ ಬಾ, ಕೆಳಗಿರ್ತೀನಿ’ ಅಂದ್ರಿ.”

ನನಗೆ ಮಾಲೇಕಲ್ಲು ನೆನಪಿಲ್ಲ. ಆನೆಗಳು ಒಂದೊಂದಾಗಿ ನೆನಪಿವೆ. ಅವಳ ತವರು ಬೇಲೂರಿನ ಹತ್ತಿರದ ಹಗರೆ. ಬೇಲೂರು, ಹಳೇಬೀಡುಗಳನ್ನು ಹುಟ್ಟಿದಾಗಿನಿಂದ ಕಂಡವಳಿಗೆ ನಾನು ಆನೆ ತೋರಿಸಿದೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ಅದನ್ನು ಯೋಚಿಸಿದರೇ ಕಿವಿ ಬಿಸಿಯಾಗುತ್ತದೆ. ಹೊರಗಿನವರು ಬಂದರೆ ಬೇಲೂರಿಗೆ ಕರೆದೊಯ್ದು ಅದೇ ಕಲ್ಲಿನ ಜೋಡಿಗಳ ಮುಂದೆ ಎದೆಯೆತ್ತಿ ನಿಂತು ವಿವರಿಸುವವನೂ ನಾನೇ. ನೋಡಿ, ಎಷ್ಟು ಸಹಜ, ಎಷ್ಟು ನಿಸ್ಸಂಕೋಚ, ಎನ್ನುತ್ತೇನೆ. ಆಗ ಅವಳು ನನ್ನ ಹಿಂದೆ, ನೀರಿನ ಬಾಟಲಿ ಹಿಡಿದು ನಿಂತಿರುತ್ತಾಳೆ.

ಈಗ ಮುಂಬಯಿ. ಈ ವರ್ಷ ನಮ್ಮ ಕಡೆಯ ಮಠದ ಭಕ್ತರು ಸೇರಿ ಬಸ್ಸು ಮಾಡಿಕೊಂಡು ಭೀಮಾಶಂಕರ, ತ್ರ್ಯಂಬಕ ಎಂದು ಯಾತ್ರೆ ಹೊರಟರು. ನಾವೂ ಹೋದೆವು. ವಾಪಸು ಬರುವಾಗ ಒಂದು ಸಂಜೆ ಬಸ್ಸಿನವನು ಮರೀನ್ ಡ್ರೈವಿನ ಹತ್ತಿರ ನಮ್ಮನ್ನು ಇಳಿಸಿ, ಕತ್ತಲಾಗುವಷ್ಟರಲ್ಲಿ ಬಂದುಬಿಡಿ ಎಂದ. ಒಂದು ಕಡೆ ಸಮುದ್ರ, ಒಂದು ಕಡೆ ಕಟ್ಟಡಗಳ ಸಾಲು, ನಡುವೆ ಬಿಲ್ಲಿನ ಹಾಗೆ ಬಾಗಿದ ಅಗಲ ರಸ್ತೆ. ಸಮುದ್ರದ ಬದಿಗೆ ನಡೆಯುವವರಿಗೆಂದೇ ಬಿಟ್ಟ ಹಾದಿ, ಅದರ ಅಂಚಿಗೆ ಕೂರುವಷ್ಟು ಅಗಲದ ಮೋಟುಗೋಡೆ. ಗೋಡೆಯುದ್ದಕ್ಕೂ ಜೋಡಿಗಳು, ಊರಿಗೆ ಬೆನ್ನು ಹಾಕಿ, ತಲೆಗೆ ತಲೆ ತಾಗಿಸಿ. ನಮ್ಮಲ್ಲಿ ಜೋಡಿಗಳನ್ನು ಗೋಡೆಯಲ್ಲಿ ಕೆತ್ತಿದ್ದಾರೆ, ಇಲ್ಲಿ ತಾವಾಗಿಯೇ ಬಂದು ಗೋಡೆಯ ಮೇಲೆ ಕೂತಿದ್ದಾರೆ, ಎಂದು ನನಗೊಂದು ಮಾತು ಹೊಳೆಯಿತು. ಹೆಂಡತಿಗೆ ಹೇಳೋಣವೆಂದು ತಿರುಗಿದರೆ ಅವಳು ಎಂದಿನಂತೆ ಹಿಂದೆಲ್ಲೋ ಇದ್ದಳು.

ರಸ್ತೆ ದಾಟುವುದೇ ಕಷ್ಟವಾಗಿತ್ತು. ಕರು ಹಿಡಿದಂತೆ ಅವಳ ಮಣಿಕಟ್ಟು ಹಿಡಿದು ದಾಟಿಸಿದೆ. ಈಚೆ ಬಂದ ಮೇಲೆ ಬಿಟ್ಟೆ. ಅವಳು ಬಿಡಲಿಲ್ಲ. ಕೈಯನ್ನು ನನ್ನ ಅಂಗೈಯೊಳಕ್ಕೆ ಜಾರಿಸಿ ಹಾಗೇ ಇಟ್ಟುಕೊಂಡಳು.

“ಇಲ್ಲೊಂದ್ಸಲ ಹಿಂಗೇ ನಡ್ಯಣ ರೀ” ಅಂದಳು. “ಊರಲ್ಲಂತೂ ಆಗಲ್ಲ. ಇಲ್ಲಿ ಯಾರಿದಾರೆ ನಮ್ಮನ್ನ ನೋಡೋಕೆ?”

ಅದು ಆಸೆ ಎಂದು ನನಗೆ ತಿಳಿಯಿತು. ಅವಳು ಯಾತ್ರೆಗೆ ಹೊರಟಾಗಿನಿಂದ ನನ್ನನ್ನು ಬೇರೇನೂ ಕೇಳಿರಲಿಲ್ಲ, ದೇವರ ಹತ್ತಿರ ಏನು ಕೇಳಿಕೊಂಡಳೋ ಗೊತ್ತಿಲ್ಲ. ನಡೆದೆ. ಅಂಗೈ ಬೆವರತೊಡಗಿತು. ಅವಳ ಕೈ ಚಿಕ್ಕದು, ಒರಟು, ಒಣಗಿದ್ದು. ಈ ಕೈಯನ್ನು ಬೇರೆ ಯಾರದ್ದೋ ಎಂದು ಕೊಟ್ಟಿದ್ದರೆ ನಾನು ಗುರುತು ಹಿಡಿಯುತ್ತಿರಲಿಲ್ಲ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಎದುರಿಗೆ ಗೆಂಡೆಹಳ್ಳಿಯ ನಂಜಪ್ಪ ಕಾಣಿಸಿದ.

ನಂಜಪ್ಪ ನಮ್ಮ ಬಸ್ಸಿನವನೇ. ನನಗೆ ಮಂಡಿಯ ಕಾಲದಿಂದ ಪರಿಚಯ. ಬಾಯಿ ಜೋರು. ಅವನ ಬಾಯಿಗೆ ಬಿದ್ದದ್ದು ಬಸ್ಸಿಗೆಲ್ಲ ಗೊತ್ತಾಗುತ್ತದೆ, ಬಸ್ಸಿಗೆ ಗೊತ್ತಾದದ್ದು ಅರಸೀಕೆರೆಯಿಂದ ಬೇಲೂರಿನವರೆಗೆ. ನಾನು ಕೈ ಕಿತ್ತುಕೊಂಡೆ. ಮೆಲ್ಲಗೆ ಅಲ್ಲ. ಕೆಂಡ ಇಟ್ಟ ಹಾಗೆ. ಅವಳ ಒಂದು ಬಳೆ ನನ್ನ ಉಂಗುರಕ್ಕೆ ಸಿಕ್ಕಿ ಟಿಣ್ಣೆಂದಿತು.

ನಂಜಪ್ಪ ಹತ್ತಿರ ಬಂದ. ಅವನ ಮುಖದಲ್ಲಿ ಸಂಕಟವಿತ್ತು.

“ಅಣ್ಣಾ, ಇಲ್ಲೆಲ್ಲಾರ ಬಾತ್‌ರೂಮ್ ಐತಾ, ನೋಡಿದ್ರಾ?”

“ಗೊತ್ತಿಲ್ಲ ಕಣಪ್ಪ.”

“ಇಷ್ಟ್ ದೊಡ್ಡ ಊರ್ ಕಟ್ಟವ್ರೆ, ಸಮುದ್ರದ್ ಮುಂದೆ ಇಷ್ಟ್ ಜನಾನ್ ಕೂರ್ಸವ್ರೆ, ಅದೊಂದ್ ಎಲ್ಲಿ ಮಡಗವ್ರೋ!” ಎಂದು ಹೇಳುತ್ತಲೇ ಅವನು ಮುಂದಕ್ಕೆ ಓಡಿದ. ನಮ್ಮ ಕೈಗಳನ್ನು ಅವನು ನೋಡಿರಲೇ ಇಲ್ಲ. ಅವನಿಗೆ ಆ ಹೊತ್ತಿನಲ್ಲಿ ನಮ್ಮ ಮುಖ ಕಂಡದ್ದೇ ಹೆಚ್ಚು.

ಸರ್ವಮಂಗಳ ಬಳೆಯನ್ನು ಬೆಳಕಿಗೆ ತಿರುಗಿಸಿ ಒಡೆದಿಲ್ಲವೆಂದು ನೋಡಿಕೊಂಡಳು. ಆಮೇಲೆ ನನ್ನ ಹಿಂದಕ್ಕೆ ಸರಿದು, ಊರಿನಲ್ಲಿ ಹೇಗೋ ಹಾಗೆ ನಡೆಯತೊಡಗಿದಳು. ಅಪ್ಪ ಬೈದದ್ದು ಯಾವನೋ ಕಾಯಿ ವ್ಯಾಪಾರಿಯ ವಿಚಾರಕ್ಕೆ. ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ. ನನಗೆ ಹಿಂತಿರುಗಿ ನೋಡಲು ಮುಖವಿರಲಿಲ್ಲ. ಹಾಗಾಗಿ ಇನ್ನೂ ಜೋರಾಗಿ ನಡೆದೆ. ನಾಚಿಕೆಯಾದಾಗ ನಾನು ಮಾಡುವುದು ಅದೊಂದೇ, ಮುಂದಕ್ಕೆ ನಡೆಯುವುದು. ಮಾಲೇಕಲ್ಲಿನ ಮೆಟ್ಟಿಲನ್ನೂ ಹಾಗೇ ಹತ್ತಿದ್ದೆನೇನೋ.

ಸ್ವಲ್ಪ ದೂರ ಹೋದ ಮೇಲೆ ಕಡಲೆಕಾಯಿ ಕೊಂಡೆ. ತಪ್ಪು ಮಾಡಿದ ಗಂಡಸರು ಏನನ್ನಾದರೂ ಕೊಳ್ಳುತ್ತಾರೆ. ಗೋಡೆಯ ಮೇಲೆ ಖಾಲಿ ಜಾಗ ಸಿಕ್ಕಿತು. ಎರಡೂ ಕಡೆ ಹುಡುಗ ಹುಡುಗಿಯರು. ಕೂತೆವು, ನಡುವೆ ಕಡಲೆಕಾಯಿಯ ಪೊಟ್ಟಣ. ಅಲೆ ಕೆಳಗಿನ ಕಲ್ಲುಗಳಿಗೆ ಬಡಿದು ಒಂದಿಷ್ಟು ನೀರು ಮೇಲಕ್ಕೆ ಸಿಡಿಯಿತು. ಟವೆಲಿನಿಂದ ಮುಖ ಒರೆಸಿಕೊಂಡೆ. ಇಲ್ಲದ ಉಪ್ಪಿನ ಕಲೆ ಆಗಿನದ್ದು.

ದೀಪಗಳು ಹೊತ್ತಿಕೊಂಡವು. ಬಾಗಿದ ರಸ್ತೆಯುದ್ದಕ್ಕೂ ಕಂಬದ ಹಿಂದೆ ಕಂಬ. ಅವಳು ಸಿಪ್ಪೆಗಳನ್ನೆಲ್ಲ ಪೊಟ್ಟಣಕ್ಕೆ ತುಂಬಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ನನ್ನ ಹೆಗಲಿನಿಂದ ಟವೆಲ್ ಎಳೆದು ನಮ್ಮಿಬ್ಬರ ನಡುವೆ ಹರಡಿ, ಅದರ ಕೆಳಗೆ ಕೈಯಿಟ್ಟು ನನ್ನ ಬಲಗೈ ಹಿಡಿದಳು.

“ಕಂಬದ ಲೆಕ್ಕ” ಎಂದಳು. ನನ್ನ ನಾಲ್ಕು ಬೆರಳುಗಳನ್ನು ಸೇರಿಸಿ ಒತ್ತಿದಳು.

ನಾನು ಬೆಚ್ಚಿದೆ. ಆ ಒತ್ತು ಹೊಸಬರ ಒತ್ತಲ್ಲ. ಬೆರಳುಗಳನ್ನು ಬುಡದಲ್ಲಿ ಹಿಡಿಯಬೇಕು, ತುದಿಯಲ್ಲಲ್ಲ, ಅದು ಕಲಿತವರಿಗೆ ಮಾತ್ರ ಗೊತ್ತು.

“ನಿಂಗೆ ಇದು ಬರುತ್ತಾ?”

“ನಮ್ಮಪ್ಪ ದನದ ದಳ್ಳಾಳಿ ಅಲ್ವಾ? ಚಿಕ್ಕೋಳಿದ್ದಾಗ ಮಡಿಲಲ್ಲಿ ಕೂರಿಸ್ಕೊಂಡು ಆಟ ಆಡಿಸ್ತಿದ್ರು. ಸಂತೆಗೆ ಕರ್ಕೊಂಡ್ ಹೋಗ್ತಿರಲಿಲ್ಲ, ಅಷ್ಟೆ.”

“ಯಾವತ್ತೂ ಹೇಳಲಿಲ್ಲ?”

“ನೀವು ಯಾವತ್ತು ಕೈ ಕೊಟ್ಟಿದ್ರಿ ಹೇಳೋಕೆ?”

ಅವಳು ಕೇಳುತ್ತಿದ್ದದ್ದು ಇಷ್ಟು: ಟವೆಲ್ ಇಲ್ಲದೆ, ಯಾರು ಎದುರಿಗೆ ಬಂದರೂ ಬಿಡದೆ, ಕೈ ಹಿಡಿದುಕೊಂಡು ನಾಲ್ಕು ದೀಪದ ಕಂಬಗಳಷ್ಟು ದೂರ. ಅಷ್ಟು ದೊಡ್ಡ ರಸ್ತೆಯಲ್ಲಿ ಅದೇನೂ ದೂರವಲ್ಲ. ಕೊಬ್ಬರಿಗೆ ಯಾರಾದರೂ ಅಂಥ ದರ ಹೇಳಿದ್ದರೆ ಕಣ್ಣು ಮುಚ್ಚಿ ಕೈ ಕುಲುಕಬೇಕು. ಆದರೆ ನನ್ನ ಕೈ ನನ್ನನ್ನು ಕೇಳಲಿಲ್ಲ. ಟವೆಲಿನ ಕೆಳಗೆ ಅದಕ್ಕೆ ಗೊತ್ತಿರುವುದು ಅಪ್ಪನ ಪಾಠ ಮಾತ್ರ. ನಾನು ಅವಳ ಎರಡು ಬೆರಳು ಹಿಡಿದು ಒತ್ತಿದೆ.

ಎರಡು.

ಒತ್ತಿದ ಮೇಲೆ ಏನು ಮಾಡಿದೆನೆಂದು ತಿಳಿಯಿತು. ಹಿಂತೆಗೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಅವಳು ಅಂಗೈ ಹಿಡಿದು ಕುಲುಕಿಬಿಟ್ಟಳು. ವ್ಯಾಪಾರವಾಯಿತು. ಅಷ್ಟು ಬೇಗ ಒಪ್ಪಿಕೊಂಡವರನ್ನು ನಾನು ಮಂಡಿಯಲ್ಲಿ ಕಂಡಿಲ್ಲ. ಯಾರಾದರೂ ಅಷ್ಟು ಬೇಗ ಒಪ್ಪಿದರೆ ಅಪ್ಪ ಆಮೇಲೆ ನಿದ್ದೆ ಬಾರದೆ ಹೊರಳುತ್ತಿದ್ದ, ಪಾಪ, ಅವನು ಎಷ್ಟು ಗತಿಗೆಟ್ಟಿದ್ದನೋ ಎಂದು.

ಎದ್ದೆವು. ಟವೆಲನ್ನು ಅವಳೇ ಮಡಚಿ ನನ್ನ ಹೆಗಲಿಗೆ ಹಾಕಿದಳು. ಕೈ ಹಿಡಿದುಕೊಂಡು ಹೊರಟೆವು. ನೀವು ನಂಬುತ್ತೀರೋ ಇಲ್ಲವೋ, ಚೆನ್ನಾಗಿತ್ತು. ಗಾಳಿ ಅವಳ ಸೆರಗನ್ನು ನನ್ನ ಮೊಣಕೈಗೆ ತಂದು ಸುತ್ತುತ್ತಿತ್ತು. ಯಾರೂ ನಮ್ಮನ್ನು ನೋಡಲಿಲ್ಲ. ಮೊದಲ ಕಂಬ ದಾಟಿದೆವು. ಆಗ ನಂಜಪ್ಪ ಹಿಂತಿರುಗಿ ಬಂದ, ಈ ಸಲ ಮುಖ ಹಗುರಾಗಿ, ಲೋಕವೆಲ್ಲ ಕಾಣುತ್ತಿರುವ ಕಣ್ಣಿನಿಂದ. ನಮ್ಮ ಕೈ ನೋಡಿದ.

“ಏನಣ್ಣಾ!” ಎಂದ. ಅವನ ಮೀಸೆ ಆಗಲೇ ನಗಲು ಶುರುಮಾಡಿತ್ತು.

ನಾನು ಕೈ ಬಿಡಲಿಲ್ಲ. ಇಷ್ಟನ್ನು ನನ್ನ ಪರವಾಗಿ ಬರೆದುಕೊಳ್ಳಿ. ಆದರೆ ಬಾಯಿ ಬಿಟ್ಟೆ.

“ಇವಳ ಕಾಲು ಉಳುಕಿಬಿಟ್ಟಿದೆ ನಂಜಪ್ಪ. ಅದಕ್ಕೇ ಹಿಡ್ಕೊಂಡಿದೀನಿ.”

“ಅಯ್ ಅಕ್ಕಾ! ಯಾವ್ ಕಾಲು?”

ಸರ್ವಮಂಗಳ ನನ್ನನ್ನೊಮ್ಮೆ ನೋಡಿದಳು. ನೋಡಿ, “ಎಡಗಾಲು” ಎಂದಳು. ಮತ್ತು ಕುಂಟಿದಳು. ಎರಡನೆಯ ಕಂಬದವರೆಗೆ, ನಂಜಪ್ಪ ಪಕ್ಕದಲ್ಲಿ ಬರುತ್ತ ಎಣ್ಣೆ, ಅರಿಶಿನ, ಪಟ್ಟು ಎಂದು ಉಪಚಾರ ಹೇಳುತ್ತಿರುವಾಗ, ಆ ಹೆಸರಾದ ರಸ್ತೆಯಲ್ಲಿ ನನ್ನ ಹೆಂಡತಿ ನನ್ನ ಮರ್ಯಾದೆ ಉಳಿಸಲು ಕುಂಟಿಕೊಂಡು ನಡೆದಳು. ಅವಳು ಕೇಳಿ ಪಡೆದ ದೂರದಲ್ಲಿ ಅರ್ಧ ಹಾಗೆ ಹೋಯಿತು. ನಂಜಪ್ಪ “ಬಸ್ಸಲ್ ಹೇಳ್ತೀನಿ, ಸೀಟ್ ಬಿಡುಸ್ತೀನಿ” ಎಂದು ಮುಂದೆ ಓಡಿದ.

ಎರಡನೆಯ ಕಂಬದ ಬುಡದಲ್ಲಿ ಅವಳು ನಿಂತಳು. ಕೈ ಸಡಿಲಿಸಿದಳು. ಮೆಲ್ಲಗೆ, ಒಂದೊಂದೇ ಬೆರಳು, ಒಳ್ಳೆಯ ವ್ಯಾಪಾರಿ ತೆಗೆಯುವ ಹಾಗೆ.

“ಇನ್ನೆರಡು ಕಂಬ ಹೋಗಣ” ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ.

“ವ್ಯಾಪಾರ ಮುಗೀತಲ್ಲ ರೀ” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಏನಾದರೂ ಹೇಳಬಹುದಿತ್ತು.

ಬಸ್ಸಿನಲ್ಲಿ ಅವಳಿಗೆ ಮುಂದಿನ ಸೀಟು ಸಿಕ್ಕಿತು. ಹೆಂಗಸರೆಲ್ಲ ಸರದಿಯಲ್ಲಿ ಬಂದು ಏನೂ ಆಗದ ಎಡಗಾಲಿಗೆ ಮುಲಾಮು ತಿಕ್ಕಿದರು. “ನಿಮ್ಮೋರು ಎಷ್ಟ್ ಜ್ವಾಪಾನವಾಗಿ ಕೈ ಹಿಡ್ಕೊಂಡ್ ಬಂದ್ರಂತೆ” ಎಂದು ನನ್ನನ್ನು ಹೊಗಳಿದರು. ಅರಸೀಕೆರೆ ಸ್ಟ್ಯಾಂಡಿನಲ್ಲಿ ಇಳಿದು ಮನೆಯ ತಿರುವು ಬರುವ ತನಕ ಅವಳು ಕುಂಟುತ್ತಲೇ ಬಂದಳು. ತಿರುವಿನಲ್ಲಿ ನೆಟ್ಟಗಾದಳು. ನಾನು ಮುಂದಿದ್ದೆ, ಹೆಜ್ಜೆಯ ಸದ್ದು ಬದಲಾದದ್ದರಿಂದ ತಿಳಿಯಿತು.

ಇಲ್ಲಿಗೆ ನಿಲ್ಲಿಸೋಣವೆಂದಿದ್ದೆ. ನಿಲ್ಲಿಸುವ ಮೊದಲು ಅವಳಿಗೆ ಓದಿ ಹೇಳಿದೆ, ಮಾಲೇಕಲ್ಲಿನ ಪ್ರಸಂಗವಾದ ಮೇಲೆ ನನಗೆ ಧೈರ್ಯ ಸಾಲದು. ಅವಳು ಒಣಗಿದ ಬಟ್ಟೆಗಳನ್ನು ಮಡಚುತ್ತ ಕೇಳಿದಳು. ನಂಜಪ್ಪ ಬಂದಾಗ ನಕ್ಕಳು. ಮುಗಿದ ಮೇಲೆ “ಎಲ್ಲಾ ಸರಿ ಇದೆ. ಒಂದು ತಪ್ಪಿದೆ” ಎಂದಳು.

“ಯಾವುದು?”

“ನೀವು ಹಿಡಿದದ್ದು ಎರಡು ಬೆರಳಲ್ಲ. ಒಂದು. ಕಿರುಬೆರಳು. ಇನ್ನೊಂದನ್ನ ನಾನೇ ನಿಮ್ಮ ಕೈಯೊಳಗೆ ತೂರಿಸಿ ಕುಲುಕಿದ್ದು.”

ನನಗೆ ಎರಡು ಬೆರಳು ನೆನಪಿದೆ. ತೋರುಬೆರಳು, ನಡುಬೆರಳು. ಆ ನಡುಬೆರಳಿನ ಮೇಲೆ ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಹಳೇಬೀಡಿನ ಆನೆಗಳಷ್ಟೇ ಸ್ಪಷ್ಟವಾಗಿ ನೆನಪಿದೆ. ಆದ್ದರಿಂದ ಅವಳು ಹೇಳಿದ್ದೇ ನಿಜವಿರಬೇಕು. ಇಷ್ಟು ನಾಚಿಕೆಪಟ್ಟು ಬರೆದದ್ದರಲ್ಲೂ ನನಗೆ ನಾನೇ ಒಂದು ಕಂಬದ ರಿಯಾಯಿತಿ ಕೊಟ್ಟುಕೊಂಡಿದ್ದೆ.

“ತಿದ್ದಲಾ?” ಎಂದೆ.

“ಬಿಡಿ, ಓದೋರಿಗೆ ಎರಡೇ ಇರಲಿ” ಎಂದು ಅವಳು ಮಡಚಿದ ಬಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು.

ಸಂಜೆ ದಿನದಂತೆ ವಾಕಿಂಗಿಗೆ ಹೊರಟೆವು. ನಾನು ಟವೆಲನ್ನು ತಂತಿಯ ಮೇಲೇ ಬಿಟ್ಟೆ. ಹೆಗಲು ಬರಿದಾಗಿ, ಏನೋ ಮರೆತು ಹೊರಟಂತೆ ಅನಿಸುತ್ತಿತ್ತು. ಅವಳು ಬೀಗ ಹಾಕುತ್ತಿದ್ದಳು. ನಾನು ಮುಂದೆ ಹೋಗದೆ ಗೇಟಿನ ಹೊರಗೆ ನಿಂತು ಕಾದೆ. ಬೀದಿಯ ಆ ತುದಿಯಲ್ಲಿ ಯಾರೋ ಇಬ್ಬರು ಮಾತಾಡುತ್ತ ಬರುತ್ತಿದ್ದರು, ನಮ್ಮ ಕೇರಿಯವರೇ. ಬೀಗವನ್ನೊಮ್ಮೆ ಎಳೆದು ನೋಡಿ ಅವಳು ಮೆಟ್ಟಿಲಿಳಿದಳು. ನಮ್ಮ ಬೀದಿಯ ಮೊದಲ ಲೈಟು ಕಂಬ ಗೇಟಿನ ಪಕ್ಕದಲ್ಲೇ ಇದೆ. ನಾನು ಕೈ ಚಾಚಿದೆ. ಚಾಚಿದ ಕೈ ಗಾಳಿಯಲ್ಲಿರುವಾಗಲೇ, ಆ ಕಂಬವನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಯೋಚಿಸುತ್ತಿದ್ದೆ.